ಲಿವರ್ ರೈಫಲ್ಲಿನ ಆಸೆಯೂ ನಮ್ಮ ಕಲ್ಲುಗುಡ್ಡಗಳೂ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಅಣ್ಣತಮ್ಮಂದಿರು. ಅಣ್ಣ ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿ ಬಹಳ ವರ್ಷಗಳಾದವು. ತಮ್ಮ ಹೊಸದುರ್ಗದ ಕಡೆ ತೆಂಗಿನ ತೋಟ ನೋಡಿಕೊಂಡಿದ್ದಾನೆ. ಪ್ರೌಢಶಾಲೆಯಲ್ಲಿ ಇಬ್ಬರೂ ನಾನು ನೋಡಿಕೊಳ್ಳುತ್ತಿದ್ದ ಎನ್.ಸಿ.ಸಿ. ತಂಡದಲ್ಲಿದ್ದವರು. ಈಗ ಇಬ್ಬರಿಗೂ ಒಂದೇ ಆಸೆ ಹುಟ್ಟಿಕೊಂಡಿದೆ. ರಜೆಯ ದಿನ ಖಾಲಿ ಡಬ್ಬಗಳಿಗೆ ಗುರಿಯಿಟ್ಟು ಹೊಡೆಯಲು, ಮಕ್ಕಳಿಗೂ ಕಲಿಸಲು, .22 ಅಳತೆಯ ಒಂದು ಲಿವರ್ ರೈಫಲ್ ಬೇಕಂತೆ. "ಸಾರ್, ಹೆನ್ರಿ ತಗೊಳ್ಳಲೋ, ಮಾರ್ಲಿನ್ ತಗೊಳ್ಳಲೋ?" ಎಂಬುದು ಅಣ್ಣನ ಪ್ರಶ್ನೆ. "ಅಣ್ಣ ತಗೊಳ್ಳೋ ಥರದ್ದೇ ನನಗೂ ಬೇಕು ಸಾರ್, ಲೈಸೆನ್ಸಿಗೆ ಯಾರನ್ನು ನೋಡಬೇಕು?" ಎಂಬುದು ತಮ್ಮನದು. ಇಬ್ಬರಿಗೂ ನಾನು ಕೊಡುವ ಉತ್ತರ ಒಂದೇ ಅಲ್ಲ. ಏಕೆ ಒಂದೇ ಅಲ್ಲವೆಂಬುದು ಉಳಿದವರಿಗೂ ಉಪಯೋಗಕ್ಕೆ ಬಂದೀತೆಂದು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಈ ಆಸೆ ಎಲ್ಲಿಂದ ಬಂತೆಂದು ನನಗೆ ತಕ್ಕಮಟ್ಟಿಗೆ ಗೊತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ಶಿಕಾರಿಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದರಷ್ಟೆ. ಶಾಲೆಯ ಗ್ರಂಥಾಲಯಗಳಲ್ಲಿ ಹುಡುಗರು ಸರದಿ ಕಾದು ಓದುತ್ತಿದ್ದ ಪುಸ್ತಕಗಳವು. ಆಂಡರ್ಸನ್ನರ ಕೈಯಲ್ಲಿದ್ದ .405 ವಿಂಚೆಸ್ಟರ್ 1895ನೇ ಇಸವಿಯ ಮಾದರಿಯದು, ಲಿವರ್ ರೈಫಲ್ಲೇ. ಅದರ ಜೊತೆಗೆ 'ಮೆಕೆನ್ನಾಸ್ ಗೋಲ್ಡ್' ಮೊದಲಾದ ಇಂಗ್ಲಿಷ್ ಚಿತ್ರಗಳು. ಟ್ರಿಗರಿನ ಸುತ್ತಲಿರುವ ಕಬ್ಬಿಣದ ಬಳೆಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಕಟಕ್ಕೆಂದು ಸದ್ದಾಗಿ ಬಂದೂಕು ಮತ್ತೆ ಸಿದ್ಧವಾಗುತ್ತದೆ. ಆ ಸದ್ದಿಗೆ ಮನಸೋಲದ ಹುಡುಗನನ್ನು ನಾನು ಕಂಡಿಲ್ಲ.

ವಿಜ್ಞಾನದ ಪಾಠದಲ್ಲಿ ನಾವು ಸನ್ನೆ ಎಂದು ಕರೆಯುತ್ತಿದ್ದುದೇ ಈ ಲಿವರ್. ಕೈಯ ಒಂದೇ ಚಲನೆಯಲ್ಲಿ ಅದು ನಾಲ್ಕು ಕೆಲಸ ಮಾಡುತ್ತದೆ: ಸುಟ್ಟ ತೋಟಾವನ್ನು ಹೊರಕ್ಕೆಸೆಯುತ್ತದೆ, ಸುತ್ತಿಗೆಯನ್ನು ಹಿಂದಕ್ಕೆ ಮಡಿಸಿ ನಿಲ್ಲಿಸುತ್ತದೆ, ಹೊಸ ತೋಟಾವನ್ನು ಮೇಲಕ್ಕೆತ್ತುತ್ತದೆ, ಅದನ್ನು ನಳಿಗೆಯೊಳಕ್ಕೆ ದೂಡುತ್ತದೆ. ಬೆಂಜಮಿನ್ ಟೈಲರ್ ಹೆನ್ರಿ ಎಂಬಾತ 1860ರಲ್ಲಿ ಇದನ್ನು ಚೆನ್ನಾಗಿ ಕೆಲಸ ಮಾಡುವಂತೆ ರೂಪಿಸಿದ. ಇನ್ನು ರಿಮ್‌ಫೈರ್ ಎಂದರೆ ಸಿಡಿಮದ್ದು ತೋಟಾದ ತಳದ ನಡುವೆ ಇರದೆ ಅಂಚಿನ ಸುತ್ತಲೂ ಇರುವುದು. ಹೆನ್ರಿಯ ಮೊದಲ ರೈಫಲ್ಲೂ ರಿಮ್‌ಫೈರೇ. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ 1887ರಷ್ಟು ಹಳೆಯದು. ಭುಜಕ್ಕೆ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಸದ್ದೂ ಸಣ್ಣದು, ಬೆಲೆಯೂ ಕಡಿಮೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ತೋಟಾ ಹುಟ್ಟಿಲ್ಲ.

ಮೊದಲು ಅಣ್ಣನ ಪ್ರಶ್ನೆ. ಅವನ ಮುಂದಿರುವುದು ನಾಲ್ಕು ಹೆಸರುಗಳು. ಅವುಗಳಲ್ಲಿ ವಿಂಚೆಸ್ಟರ್ 9422 ತಯಾರಾದದ್ದು 1972ರಿಂದ 2005ರವರೆಗೆ ಮಾತ್ರ. ಈಗ ಸಂಗ್ರಹಕಾರರು ಅದರ ಬೆಲೆ ಏರಿಸಿಬಿಟ್ಟಿದ್ದಾರೆ. ಡಬ್ಬ ಹೊಡೆಯಲು ಅಷ್ಟು ಹಣ ಕೊಡುವುದು ಅವಿವೇಕ. ಮಾರ್ಲಿನ್ 39ಎ ಎಂಬುದು ನಿಜವಾದ ಉಕ್ಕಿನ ಬಂದೂಕು. ಅದರ ವಂಶ 1891ರ ಮಾದರಿಯವರೆಗೆ ಹೋಗುತ್ತದೆ. ಮೂರು ಕಿಲೋ ತೂಕ. ಪಕ್ಕದಲ್ಲಿರುವ ಒಂದು ದೊಡ್ಡ ತಿರುಪನ್ನು ನಾಣ್ಯದಿಂದ ಬಿಚ್ಚಿದರೆ ಎರಡು ತುಂಡಾಗುತ್ತದೆ, ನಳಿಗೆಯನ್ನು ಹಿಂಬದಿಯಿಂದಲೇ ಶುಚಿ ಮಾಡಬಹುದು. ಯಂತ್ರಗಳನ್ನು ಗೌರವಿಸುವವನಿಗೆ ಇದು ಪ್ರಿಯವಾಗುತ್ತದೆ. ಬ್ರೌನಿಂಗ್ ಬಿಎಲ್-22 ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾಗುವುದು. ಅದರ ಸನ್ನೆ 33 ಡಿಗ್ರಿಯಷ್ಟು ತಿರುಗಿದರೆ ಸಾಕು, ಟ್ರಿಗರೂ ಅದರೊಂದಿಗೇ ಚಲಿಸುವುದರಿಂದ ಬೆರಳು ಸಿಕ್ಕಿಕೊಳ್ಳುವುದಿಲ್ಲ. ಕೊನೆಯದು ಹೆನ್ರಿ. ಹಳೆಯ ಹೆನ್ರಿಗೂ ಈ ಕಂಪನಿಗೂ ಹೆಸರಿನ ಸಂಬಂಧ ಮಾತ್ರ. ಇದು 1996ರಲ್ಲಿ ಆರಂಭವಾದದ್ದು. ಹೊರಕವಚ ಉಕ್ಕಲ್ಲ, ಮಿಶ್ರಲೋಹ. ಹಾಗೆಂದು ಹೀಗಳೆಯುವವರಿದ್ದಾರೆ. ಆದರೆ ಸನ್ನೆ ಬೆಣ್ಣೆಯಂತೆ ಜಾರುತ್ತದೆಂದು ಬಳಸಿದವರೆಲ್ಲ ಒಪ್ಪುತ್ತಾರೆ. ತೂಕ ಎರಡೂಕಾಲು-ಎರಡೂವರೆ ಕಿಲೋದ ನಡುವೆ. ಮಕ್ಕಳ ತೋಳಿನ ಅಳತೆಗೆಂದು ಹಿಡಿಯನ್ನು ಗಿಡ್ಡ ಮಾಡಿದ ಮಾದರಿಯೂ ಇದೆ.

ಮಗಳಿಗೆ ಹನ್ನೊಂದು ವರ್ಷವೆಂದು ಅವನು ಬರೆದಿರುವುದರಿಂದ ನನ್ನ ಮತ ಹೆನ್ರಿಗೇ. ಮೂರು ಕಿಲೋ ಎತ್ತಿಹಿಡಿದು ನಡುಗುವ ಕೈ ಮೊದಲ ದಿನವೇ ತಪ್ಪು ಅಭ್ಯಾಸಗಳನ್ನು ಕಲಿಯುತ್ತದೆ. ಮಗಳು ದೊಡ್ಡವಳಾದ ಮೇಲೂ ಅವಳಿಗೆ ಆಸಕ್ತಿ ಉಳಿದಿದ್ದರೆ ಒಳ್ಳೆಯ ಹಳೆಯ ಮಾರ್ಲಿನ್ ಹುಡುಕಿಕೊಳ್ಳಲಿ.

ಆದರೆ ಲಿವರ್ ರೈಫಲ್ಲಿನ ಒಂದು ದೋಷವನ್ನು ಕಂಪನಿಯವರು ದೊಡ್ಡಕ್ಷರದಲ್ಲಿ ಹೇಳುವುದಿಲ್ಲ. ಈ ನಾಲ್ಕರಲ್ಲೂ ತೋಟಾಗಳು ನಳಿಗೆಯ ಕೆಳಗಿರುವ ಕೊಳವೆಯಲ್ಲಿ ಒಂದರ ಹಿಂದೊಂದು ಸಾಲಾಗಿ ಕುಳಿತಿರುತ್ತವೆ. ಹೆನ್ರಿಯಲ್ಲಿ ಹದಿನೈದು, ಮಾರ್ಲಿನ್ನಿನಲ್ಲಿ ಇನ್ನೂ ಹೆಚ್ಚು. ಹೊರಗಿನಿಂದ ನೋಡಿದರೆ ಖಾಲಿಯೋ ತುಂಬಿದೆಯೋ ತಿಳಿಯದು. ಎಲ್ಲ ಮುಗಿಯಿತೆಂದು ಎಣಿಸಿದ ಮೇಲೂ ಒಂದು ತೋಟಾ ಕೊಳವೆಯಲ್ಲಿ ಸಿಕ್ಕಿಕೊಂಡು, ಮುಂದಿನ ಸಲ ಸನ್ನೆ ಎಳೆದಾಗ ಸದ್ದಿಲ್ಲದೆ ನಳಿಗೆ ಸೇರಬಹುದು. ಆದ್ದರಿಂದ ಕೊಳವೆಯ ಒಳಗಡ್ಡಿಯನ್ನು ಪೂರ್ತಿ ಹೊರತೆಗೆದು, ಸನ್ನೆಯನ್ನು ಹಲವು ಬಾರಿ ಆಡಿಸಿ, ತೆರೆದಿಟ್ಟು, ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು. ಇದನ್ನು ಪ್ರತಿ ಸಲವೂ ಮಾಡುವ ತಾಳ್ಮೆ ಇಲ್ಲದ ಮನೆಗೆ ಲಿವರ್ ರೈಫಲ್ ಬೇಡ. ಒಂದೊಂದೇ ತೋಟಾ ತುಂಬುವ ಬೋಲ್ಟಿನ ರೈಫಲ್ಲು ಸಾಕು.

ಅಮೆರಿಕದಲ್ಲಿರುವ ನಮ್ಮ ಇತರ ಹುಡುಗರಿಗೂ ಎರಡು ಮಾತು. ಅಲ್ಲಿ ಅಂಗಡಿಯಲ್ಲಿ ಬಂದೂಕು ಸಿಗುತ್ತದೆಂದ ಮಾತ್ರಕ್ಕೆ ನೀವು ಕೊಳ್ಳಬಹುದೆಂದಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಲ್ಲಿನ ಒಕ್ಕೂಟ ಕಾನೂನಿನಂತೆ ನಿಷಿದ್ಧ. ಬೇಟೆಯ ಪರವಾನಗಿ ಪಡೆದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿಯಿದೆ. ಗ್ರೀನ್ ಕಾರ್ಡ್ ಇದ್ದವರ ಮಾತು ಬೇರೆ. ಎರಡನೆಯದು: ಊರಿಗೆ ಹೊರಡುವ ಮುನ್ನ ಬ್ಯಾಗುಗಳ ಪ್ರತಿಯೊಂದು ಜೇಬನ್ನೂ ತಡಕಿ ನೋಡಿ. ಮರೆತು ಉಳಿದ ಒಂದೇ ಒಂದು ಸಜೀವ ತೋಟಾ ನಮ್ಮ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರ ಕಾಯ್ದೆಯ ಮೊಕದ್ದಮೆಯಾಗುತ್ತದೆ. ತಿಳಿಯದೆ ಬಂದದ್ದೆಂದು ನ್ಯಾಯಾಲಯ ಬಿಟ್ಟೀತು. ಅಷ್ಟರಲ್ಲಿ ರಜೆಯೆಲ್ಲ ಪೊಲೀಸ್ ಠಾಣೆ, ವಕೀಲರ ಕಚೇರಿಗಳಲ್ಲೇ ಕಳೆದಿರುತ್ತದೆ.

ಇನ್ನು ತಮ್ಮನ ವಿಚಾರ. ನಿಜ ಹೇಳಬೇಕೆಂದರೆ ಈ ಬರಹ ಅವನಿಗಾಗಿಯೇ. ಬಂದೂಕನ್ನು ಆರಿಸುವ ಮೊದಲು ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆರಿಸಬೇಕು. ಇದು ತಿಳಿಯಾದರೆ ಕಂಪನಿಯ ಹೆಸರು ಗೌಣವಾಗುತ್ತದೆ. ಇದು ತಿಳಿಯಾಗದಿದ್ದರೆ ಯಾವ ಕಂಪನಿಯದಾದರೂ ಬೇಡ.

ತರಗತಿಯಲ್ಲಿ ಮಾಡಿಸುತ್ತಿದ್ದ ಲೆಕ್ಕವನ್ನೇ ಮಾಡೋಣ. .22 ಗುಂಡಿನ ತೂಕ ಸುಮಾರು 2.6 ಗ್ರಾಂ, ಮೂತಿ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ 140 ಜೌಲ್. ನೋಡಲು ಹುಣಿಸೆಬೀಜದಷ್ಟೂ ಇಲ್ಲದ ಸೀಸದ ತುಣುಕು ಒಂದು ಮೈಲಿಗೂ ಆಚೆ ಹೋಗಬಲ್ಲದು. ಟೆಕ್ಸಾಸಿನ ಹುಲ್ಲುಗಾವಲಿನಲ್ಲಿ ಮಣ್ಣಿನ ದಿಬ್ಬ ಕಟ್ಟಿಕೊಂಡು ಹೊಡೆಯಬಹುದು. ನಮ್ಮ ಕಡೆ ಒಂದು ಮೈಲಿ ಎಂದರೆ ಏನೆಂದು ಯೋಚಿಸಿ. ಹೊಳಲ್ಕೆರೆಯ ಅಡಕೆ ತೋಟಗಳಲ್ಲಿ ಕೊನೆ ಕೀಳಲು ಮರ ಹತ್ತಿದವನು ಹಸಿರು ಗರಿಗಳ ನಡುವೆ ಕಾಣುವುದಿಲ್ಲ. ಹಿರಿಯೂರಿನ ಬಯಲುಗಳಲ್ಲಿ, ಗೊಲ್ಲರಹಟ್ಟಿಗಳ ಸುತ್ತ, ಕುರಿಮಂದೆ ಯಾವ ಜಾಲಿಗಿಡದ ಹಿಂದಿನಿಂದ ಬರುತ್ತದೆಂದು ಹೇಳಲಾಗದು. ಮಂದೆಯ ಹಿಂದೆ ಒಬ್ಬ ಹುಡುಗ ಇದ್ದೇ ಇರುತ್ತಾನೆ.

ಇದಕ್ಕಿಂತ ದೊಡ್ಡ ಅಪಾಯ ನಮ್ಮ ಕಲ್ಲುಗಳದು. ಚಿತ್ರದುರ್ಗದಲ್ಲಿ ಬಂಡೆ ಇಲ್ಲದ ದಿಕ್ಕು ಯಾವುದಿದೆ? ಏಳು ಸುತ್ತಿನ ಕೋಟೆಯನ್ನು ಕಟ್ಟಿದವರಿಗೆ ಅರ್ಧ ಗೋಡೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿತ್ತು. .22 ಗುಂಡು ಮೃದುವಾದ ಸೀಸದ್ದು, ವೇಗವೂ ದೊಡ್ಡ ರೈಫಲ್ಲುಗಳ ಅರ್ಧದಷ್ಟೇ. ಹಾಗಾಗಿ ಗಟ್ಟಿ ಮೇಲ್ಮೈಗೆ ಓರೆಯಾಗಿ ತಾಗಿದರೆ ನುಚ್ಚಾಗದೆ ಹಾರಿ ಬೇರೆ ದಿಕ್ಕಿಗೆ ಹೋಗುತ್ತದೆ. ಕಲ್ಲೇ ಆಗಬೇಕೆಂದಿಲ್ಲ, ನೀರೂ ಸಾಕು. ಮಾರಿಕಣಿವೆಯ ಹಿನ್ನೀರಿನ ದಡದಲ್ಲಿ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆದು ಎಷ್ಟು ಸಲ ನೆಗೆಯಿತೆಂದು ಎಣಿಸಿದ್ದೀರಲ್ಲ, ಗುಂಡೂ ಹಾಗೆಯೇ ನೆಗೆಯುತ್ತದೆ. "ನಮ್ಮ ತೋಟದ ಹಿಂದೆ ಗುಡ್ಡ ಇದೆ ಸಾರ್, ಗುಂಡು ಅಲ್ಲೇ ನಿಲ್ತದೆ" ಎಂದು ತಮ್ಮ ಹೇಳಿದ. ಆ ಗುಡ್ಡವನ್ನು ನಾನು ನೋಡಿದ್ದೇನೆ. ಅದು ಮಣ್ಣಿನ ಗುಡ್ಡವಲ್ಲ, ಮೊಲದಷ್ಟು ದೊಡ್ಡ ಕಲ್ಲಿನಿಂದ ಆನೆಯಷ್ಟು ದೊಡ್ಡ ಕಲ್ಲಿನವರೆಗೆ ಎಲ್ಲ ಕೋನಗಳಲ್ಲೂ ಬಿದ್ದಿರುವ ರಾಶಿ. ಗುಂಡು ಯಾವ ಕಡೆಗೆ ತಿರುಗೀತೆಂದು ಯಾವ ಗಣಿತವೂ ಹೇಳಲಾರದು.

ಎನ್.ಸಿ.ಸಿ. ಯಲ್ಲಿ ಫೈರಿಂಗಿಗೆ ಹೋದವರಿಗೆ ನೆನಪಿರಬಹುದು. ನಮ್ಮಲ್ಲಿದ್ದುದೂ .22 ರೈಫಲ್ಲೇ, ಬೋಲ್ಟಿನದು. ಇಪ್ಪತ್ತೈದು ಮೀಟರ್ ದೂರದಲ್ಲಿ ಗುರಿಹಲಗೆ, ಅದರ ಹಿಂದೆ ಆಳೆತ್ತರಕ್ಕೂ ಮೀರಿದ ಮಣ್ಣಿನ ದಿಬ್ಬ. ಫೈರಿಂಗಿಗೆ ಮುಂಚೆ ದಿಬ್ಬದ ಮೇಲ್ಮೈಯಲ್ಲಿರುವ ಕಲ್ಲುಗಳನ್ನು ಹುಡುಗರ ಕೈಯಲ್ಲಿ ಆರಿಸಿ ತೆಗೆಸುತ್ತಿದ್ದೆವು. "ಇಷ್ಟು ಸಣ್ಣ ಕಲ್ಲು ಏನು ಮಾಡ್ತದೆ ಸಾರ್" ಎಂದು ಗೊಣಗಿದವರುಂಟು. ಕೆಂಪು ಬಾವುಟ ಏರಿಸಿ, ನಾಲ್ಕೂ ಕಡೆ ಹುಡುಗರನ್ನು ನಿಲ್ಲಿಸಿ, ಮೇಕೆ ಕಾಯುವವರನ್ನು ದೂರಕ್ಕೆ ಕಳಿಸಿದ ಮೇಲೆಯೇ ಮೊದಲ ತೋಟಾ ಹಂಚುವುದು. ಒಬ್ಬೊಬ್ಬರಿಗೂ ಐದೈದು. ಆ ಐದಕ್ಕಾಗಿ ಹುಡುಗ ವರ್ಷವಿಡೀ ಕಾದಿರುತ್ತಿದ್ದ. ಹೊಡೆದ ಮೇಲೆ ಐದು ಖಾಲಿ ತೋಟಾಗಳನ್ನೂ ಎಣಿಸಿ ಒಪ್ಪಿಸಬೇಕು. ಒಂದು ಕಡಿಮೆಯಾದರೆ ಇಡೀ ತಂಡ ಜಲ್ಲಿಕಲ್ಲಿನ ನಡುವೆ ಮಂಡಿಯೂರಿ ಹುಡುಕಬೇಕು. ಹೀಗೆ ಸಂಜೆಯಾದರೂ ಬಸ್ಸು ಹೊರಡದ ದಿನಗಳಿವೆ. ಆಗ ಶಪಿಸಿದವರೇ ಈಗ ಮಕ್ಕಳ ಮುಂದೆ ಅದನ್ನು ಹೆಮ್ಮೆಯಿಂದ ಹೇಳುತ್ತಾರಂತೆ.

ಆ ಐದು ಗುಂಡುಗಳಲ್ಲಿ ನೋಡುತ್ತಿದ್ದುದು ನಡುವಿಗೆ ಬಿತ್ತೇ ಎಂದಲ್ಲ; ಐದೂ ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು. ಗುರಿಯ ಆಟದ ಸುಖವಿರುವುದು ಆ ನಿಧಾನದಲ್ಲಿ. ಉಸಿರು ಅರ್ಧ ಬಿಟ್ಟು ಹಿಡಿಯುವುದು, ಟ್ರಿಗರನ್ನು ಎಳೆಯದೆ ಒತ್ತುವುದು, ಸದ್ದಾದ ಮೇಲೂ ಒಂದು ಕ್ಷಣ ಅಲುಗದಿರುವುದು. ಲಿವರ್ ರೈಫಲ್ಲಿನ ಆಕರ್ಷಣೆ ಇದಕ್ಕೆ ವಿರುದ್ಧವಾದುದು. ಬೇಗ ಬೇಗ ಹೊಡೆಯುವ ಹುಮ್ಮಸ್ಸನ್ನು ಅದು ಕೈಗೆ ಕಲಿಸುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ .22 ತೋಟಾದಿಂದ, 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ. ನಮ್ಮ ಬೆಳಗಾವಿಗೆ ತಾಗಿದ ಕೊಲ್ಲಾಪುರ ಜಿಲ್ಲೆಯ ಹಳ್ಳಿಯ ಹುಡುಗ. ಅಲ್ಲಿ ಪ್ರತಿ ಗುಂಡನ್ನೂ ಒಂದೊಂದಾಗಿಯೇ ತುಂಬಬೇಕು.

ಕಾನೂನಿನ ವಿಷಯವನ್ನು ಬೇಗ ಮುಗಿಸುತ್ತೇನೆ. 1959ರ ಶಸ್ತ್ರ ಕಾಯ್ದೆಯ 13ನೇ ಪ್ರಕರಣದಲ್ಲಿ .22 ರೈಫಲ್ಲಿಗೆ ಪ್ರತ್ಯೇಕ ಜಾಗವೇ ಇದೆ: ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ, ಗುರಿಯ ಅಭ್ಯಾಸಕ್ಕಾಗಿ. ಅಂದರೆ ಕಾಯ್ದೆ ಬರೆದವರ ಮನಸ್ಸಿನಲ್ಲಿದ್ದುದು ಕ್ಲಬ್ಬಿನ ರೇಂಜು, ತೋಟದ ಬೇಲಿಯಲ್ಲ. ಇಪ್ಪತ್ತೊಂದು ತುಂಬದವರಿಗೆ ಲೈಸೆನ್ಸಿಲ್ಲ. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸುವ ಓಡಾಟ. ಇವೆಲ್ಲ ಆದ ಮೇಲೂ ಅಣ್ಣನ ಹೆನ್ರಿ ಇಲ್ಲಿಗೆ ಬರುವುದಿಲ್ಲ, ಏಕೆಂದರೆ ಸಾಮಾನ್ಯರು ವಿದೇಶಿ ಬಂದೂಕು ತರಿಸಿಕೊಳ್ಳುವುದಕ್ಕೆ 1980ರ ದಶಕದಿಂದಲೇ ತಡೆಯಿದೆ. ದೇಶದೊಳಗೆ ಅಲ್ಲೊಂದು ಇಲ್ಲೊಂದು ಇರುವ ಲಿವರ್ ರೈಫಲ್ಲುಗಳು ಅಜ್ಜಂದಿರ ಕಾಲದವು. ಬಿಡಿಭಾಗ ಮುರಿದರೆ ಗೋಡೆಗೆ ತೂಗುಹಾಕಬೇಕು, ಅಷ್ಟೆ.

ಕೊಡಗಿನಲ್ಲಿ ಇಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರ ಅಧಿಸೂಚನೆಯಂತೆ ಅದು 2029ರವರೆಗೆ ಮುಂದುವರಿದಿದೆ, 2021ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದ ಹೊತ್ತಿಗೆ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ; .22ಗೆ ಬೇರೆ ವಿಭಾಗ, ಏರ್ ಗನ್ನಿಗೆ ಬೇರೆ ವಿಭಾಗ. ಆದರೆ ಅದರ ಹಿಂದೆ ಕೋವಿಯನ್ನು ಪೂಜಿಸಿ ಹೂ ಮುಡಿಸಿ ಇಡುವ, ಯಾರು ಮುಟ್ಟಬಹುದು ಯಾರು ಮುಟ್ಟಬಾರದೆಂದು ಮನೆಯ ಹಿರಿಯರು ತೀರ್ಮಾನಿಸುವ ಒಂದು ನಡವಳಿಕೆಯಿದೆ. ಕೋವಿಯನ್ನು ಮಾತ್ರ ತಂದುಕೊಂಡು ಆ ನಡವಳಿಕೆಯನ್ನು ಅಲ್ಲೇ ಬಿಟ್ಟು ಬಂದರೆ ಆಗದು. ನಮ್ಮ ದುರ್ಗದಲ್ಲಂತೂ (ತಮಾಷೆಗೆ ಹೇಳುತ್ತೇನೆ) ಕೀರ್ತಿ ಬಂದದ್ದು ಬಂದೂಕಿನಿಂದಲ್ಲ, ಓಬವ್ವನ ಒನಕೆಯಿಂದ.

ಹಾಗಾದರೆ ತಮ್ಮನಿಗೇನು? .177 ಅಳತೆಯ, ಎಂದರೆ 4.5 ಮಿಲಿಮೀಟರಿನ, ನಳಿಗೆ ಮಡಿಸುವ ಸ್ಪ್ರಿಂಗಿನ ಏರ್ ರೈಫಲ್. 2016ರ ಶಸ್ತ್ರ ನಿಯಮಗಳಂತೆ ಈ ಅಳತೆಯನ್ನೂ 20 ಜೌಲ್ ಶಕ್ತಿಯನ್ನೂ ಮೀರದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಕಿಲ್ಲ. ಮೇಲಿನ 140ಕ್ಕೆ ಹೋಲಿಸಿದರೆ ಏಳನೇ ಒಂದು ಪಾಲು. ಪೆಲೆಟ್ಟಿನ ತೂಕ ಅರ್ಧ ಗ್ರಾಮಿನಷ್ಟು, ನಡು ಸಣ್ಣಗಿದ್ದು ಹಿಂಭಾಗ ಲಂಗದಂತೆ ಅರಳಿರುವುದರಿಂದ ಗಾಳಿಯೇ ಅದರ ವೇಗ ಇಳಿಸಿಬಿಡುತ್ತದೆ. ಮೈಲಿಯ ಮಾತು ಇಲ್ಲಿಲ್ಲ. ಸನ್ನೆಯ ಆಸೆಯಿದ್ದರೆ ಅದೂ ತೀರುತ್ತದೆ: ಇಲ್ಲಿ ನಳಿಗೆಯೇ ಸನ್ನೆ, ಅದನ್ನು ಕೆಳಕ್ಕೆ ಬಾಗಿಸಿದಾಗಲೇ ಒಳಗಿನ ಸ್ಪ್ರಿಂಗು ಅಡಕವಾಗುವುದು.

ಇದನ್ನು ಆಟಿಕೆ ಎಂದು ತಿಳಿಯುವವರಿಗೆ ನನ್ನ ವಿರೋಧವಿದೆ. ಕಣ್ಣಿಗೆ ತಾಗಿದರೆ ಕಣ್ಣು ಹೋಯಿತು. ಹತ್ತಿರದಿಂದ ಎಳೆಯ ಮಗುವಿಗೆ ತಾಗಿದರೆ ಪ್ರಾಣವೂ ಹೋಗಬಹುದು. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಲ್ಲಿ, ನಾಯಕನಹಟ್ಟಿಯ ಜಾತ್ರೆಯಲ್ಲಿ ಬಲೂನಿಗೆ ಹೊಡೆದು ಬೆಳೆದ ನಮಗೆ ಏರ್ ಗನ್ ಎಂದರೆ ಸದರ. (ಆ ಅಂಗಡಿಗಳ ಬಂದೂಕುಗಳಲ್ಲಿ ಸೈಟು ನೆಟ್ಟಗಿದ್ದದ್ದನ್ನು ನಾನು ಕಂಡಿಲ್ಲ. ನೆಟ್ಟಗಿದ್ದರೆ ಅಂಗಡಿಯವನು ಬದುಕುವುದು ಹೇಗೆ?) 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ, ಅಳತೆ ಇದೇ 4.5 ಮಿಲಿಮೀಟರ್. ಆ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಅಗಲ, ಪೂರ್ಣವಿರಾಮದಷ್ಟು. ಡಬ್ಬ ಉರುಳಿಸುವುದು ಸುಲಭ. ಆ ಚುಕ್ಕಿಯನ್ನು ಒಂದು ವರ್ಷ ಬೆನ್ನಟ್ಟಿ ನೋಡಲಿ.

ತಮ್ಮ ಕೊನೆಗೆ ಮೆಲ್ಲಗೆ ಹೇಳಿದ ಮಾತು ಇನ್ನೊಂದಿದೆ: ತೋಟಕ್ಕೆ ಕೋತಿ, ಹಂದಿ, ನವಿಲು ಬರುತ್ತವಲ್ಲ ಸಾರ್, ಅದಕ್ಕೂ ಆಯ್ತು ಅಂತ. ಅದಕ್ಕೆ ಆಗುವುದಿಲ್ಲ. 1972ರ ವನ್ಯಜೀವಿ ಕಾಯ್ದೆಗೆ ಬಂದೂಕಿನ ಅಳತೆ ಮುಖ್ಯವಲ್ಲ, ಏರ್ ಗನ್ನಿನಿಂದ ಹೊಡೆದರೂ ಬೇಟೆಯೇ. ನವಿಲಂತೂ ರಾಷ್ಟ್ರಪಕ್ಷಿ. ಕಾನೂನು ಹಾಗಿರಲಿ, ಅಷ್ಟು ದುರ್ಬಲವಾದ ಪೆಲೆಟ್ ಹಂದಿಯನ್ನಾಗಲಿ ಕೋತಿಯನ್ನಾಗಲಿ ಕೊಲ್ಲುವುದೂ ಇಲ್ಲ. ಗಾಯ ಕೀವಾಗಿ ತಿಂಗಳುಗಟ್ಟಲೆ ನರಳಿಸುತ್ತದೆ. ಮಕ್ಕಳ ಕೈಗೆ ಮೊದಲ ದಿನ ಹಕ್ಕಿಯನ್ನು ಗುರಿಯಾಗಿ ತೋರಿಸಿದವನು ಅವರಿಗೆ ಗುರಿಯನ್ನು ಕಲಿಸಿದಂತಾಗುವುದಿಲ್ಲ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಜನರೇ ತಮ್ಮ ಏರ್ ಗನ್ನುಗಳನ್ನು ಸರ್ಕಾರಕ್ಕೆ ಒಪ್ಪಿಸುವ ಅಭಿಯಾನ ನಡೆಯಿತು, ಕಾಡಿನಲ್ಲಿ ಹಕ್ಕಿಗಳ ದನಿ ಅಡಗುತ್ತಿತ್ತೆಂದು.

ಕೊಳ್ಳುವಾಗ ನೋಡಬೇಕಾದದ್ದು ಹೆಚ್ಚೇನಿಲ್ಲ. ಭಾರತದಲ್ಲೇ ತಯಾರಾಗುವ ಒಳ್ಳೆಯವು ಈಗ ಸಿಗುತ್ತವೆ. ದುರ್ಬೀನು ಬೇಡ, ಹಿಂದಿನ ಸೈಟು ಮುಂದಿನ ಸೈಟು ಸಾಕು, ಹಿಂದಿನದು ತಿರುಪಿನಿಂದ ಸರಿಪಡಿಸುವಂತಿರಲಿ. ಅಂಗಡಿಯಲ್ಲೇ ಮಗನಿಂದ ನಳಿಗೆ ಮಡಿಸಿ ನೋಡಲಿ. ಅವನ ಬಲಕ್ಕೆ ಮಡಿಯದಿದ್ದರೆ ಇನ್ನೂ ಮೆದುವಾದ ಸ್ಪ್ರಿಂಗಿನದು ಕೇಳಬೇಕು. ಹೆಚ್ಚು ಶಕ್ತಿಯದೇ ಒಳ್ಳೆಯದೆಂದು ಮಾರುವವನ ಮಾತಿಗೆ ಮರುಳಾಗಬಾರದು. ಪೆಲೆಟ್ ಇಡುವಾಗ ಮಡಿಸಿದ ನಳಿಗೆಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದೇ ಇರಬೇಕು, ಜಾರಿದರೆ ಬೆರಳು ಜಜ್ಜುತ್ತದೆ. ಪೆಲೆಟ್ ಇಲ್ಲದೆ ಬರಿದೇ ಹೊಡೆದರೆ ಸ್ಪ್ರಿಂಗೂ ವಾಷರೂ ಹಾಳು. ಉಕ್ಕಿನ ಗುಂಡುಗಳು ಬೇಡವೇ ಬೇಡ, ಗೋಡೆಗೆ ತಾಗಿ ಹಿಂದಕ್ಕೇ ಬರುತ್ತವೆ. ಪೆಲೆಟ್ ಸೀಸದ್ದಾದ್ದರಿಂದ ಆಟ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದೇ ಊಟಕ್ಕೆ ಕೂರಬೇಕು.

ಜಾಗದ ವಿಚಾರ ನಾನೇ ಹೋಗಿ ನೋಡಿದೆ. ಆ ಕಲ್ಲುಗುಡ್ಡದ ಕಡೆಗೆ ಬೇಡ. ಪಂಪ್‌ಹೌಸಿನ ಕುರುಡು ಗೋಡೆಯ ಮುಂದೆ, ಹಳೆಯ ಸೀರೆ ಪಂಚೆಗಳನ್ನು ಒತ್ತಿ ತುಂಬಿದ ಎರಡು ಗೋಣಿಚೀಲಗಳನ್ನು ಒಂದರ ಮೇಲೊಂದಿಟ್ಟು, ಅದರ ಮೇಲೆ ಗುರಿಯ ಕಾಗದ ಅಂಟಿಸಬೇಕು. ಹತ್ತು ಹೆಜ್ಜೆಯ ದೂರದಲ್ಲಿ ಸುಣ್ಣದ ಗೆರೆ. ಗೆರೆಯ ಮುಂದೆ ಯಾರಾದರೂ ಇರುವ ತನಕ ಯಾರೂ ಬಂದೂಕು ಮುಟ್ಟುವಂತಿಲ್ಲ. ಆ ಕಡೆ ಮನೆಯ ಬಾಗಿಲು ತೆರೆಯುವುದಿಲ್ಲ, ಕೊಟ್ಟಿಗೆಯೂ ಇಲ್ಲ. ಬಂದೂಕಿಗೆ ಬೀರುವಿನ ಬೀಗ. ಬೀಗದ ಕೈ ತಮ್ಮನ ಬಳಿಯಲ್ಲ, ಅವನ ತಾಯಿಯ ಬಳಿ. ಆ ತಾಯಿಯವರು ಒಪ್ಪಿದ್ದಾರೆ. "ಕೊಡೋದು ಹೋಮ್‌ವರ್ಕ್ ಆದ್ಮೇಲೇ ಮೇಷ್ಟ್ರೇ" ಎಂದಿದ್ದಾರೆ.